ಎಸರಿಗೆ ಹಾಕುವ ಮುನ್ನ ಒಂದು ಹಿಡಿ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಕರಾವಳಿ ಮತ್ತು ಮಲೆನಾಡಿನ ನಮ್ಮ ಕ್ರೈಸ್ತ ಮನೆಗಳಿಗೆ ಅದು ತೆನೆ ಹಬ್ಬವೂ ಹೌದು. ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳೂ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತರುತ್ತೇವೆ. ಊಟಕ್ಕೆ ಮುಂಚೆ ಪ್ರಾರ್ಥನೆ ಮುಗಿಸಿ ಮನೆಯ ಹಿರಿಯರು ಕಾಳುಗಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ.

ಒಂದೆರಡು ತೆನೆಯಲ್ಲಿ ಎಷ್ಟು ಕಾಳು ಇದ್ದೀತು? ಹತ್ತು ಮಂದಿಯ ಮನೆಯಾದರೆ ತಲೆಗೆ ಕೆಲವೇ ಕಾಳು. ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೂ ತೊಟ್ಟಿಲಿನ ಮಗುವಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜನವರೆಗೆ ಯಾರೊಬ್ಬರನ್ನೂ ಬಿಡುವ ಹಾಗಿಲ್ಲ. ಊರಿಗೆ ಬರಲಾಗದೆ ದೂರದಲ್ಲಿರುವ ಮಕ್ಕಳಿಗೂ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ. ಇದ್ದದ್ದನ್ನು ಎಲ್ಲರಿಗೂ ಮುಟ್ಟಿಸಬೇಕು ಎಂಬುದೇ ಆ ದಿನದ ಕಟ್ಟಳೆ.

ಈ ಕಟ್ಟಳೆ ವರ್ಷದ ಉಳಿದ ದಿನಗಳಲ್ಲಿ ನಮ್ಮ ಅಡುಗೆಮನೆಯಿಂದ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಂಡು, ನಮ್ಮ ಧರ್ಮಕೇಂದ್ರದಲ್ಲಿ ಕೆಲವು ವರ್ಷಗಳಿಂದ ಒಂದು ಸಣ್ಣ ಪ್ರಯತ್ನ ಮಾಡುತ್ತಾ ಬಂದಿದ್ದೇವೆ. ಅದರಲ್ಲಿ ಕಲಿತದ್ದನ್ನೂ ಎಡವಿದ್ದನ್ನೂ ಈ ಹಬ್ಬದ ಹೊತ್ತಿನಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಮನಸ್ಸಿದೆ, ದಾರಿ ಇಲ್ಲ

ನಮ್ಮ ಜನರಿಗೆ ಕೊಡುವ ಮನಸ್ಸಿಲ್ಲ ಎಂದು ಹೇಳುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ರಾಜ್ಯದ ಮೂಲೆಮೂಲೆಯಿಂದ ಅಕ್ಕಿ, ಹೊದಿಕೆ, ಔಷಧ ಹರಿದುಬಂತು. ಕೊಟ್ಟವರಲ್ಲಿ ದಿನಗೂಲಿಯವರೂ ಇದ್ದರು. ಕಣ್ಣೆದುರು ಕಷ್ಟ ಕಂಡಾಗ ಕೈ ತಾನಾಗಿಯೇ ಮುಂದೆ ಬರುತ್ತದೆ.

ಆದರೆ ಎಲ್ಲ ಕಷ್ಟಗಳೂ ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಗಂಡ ಕೆಲಸ ಕಳೆದುಕೊಂಡು ಮೂರು ತಿಂಗಳಾದದ್ದನ್ನು ಪಕ್ಕದ ಮನೆಗೂ ಹೇಳದೆ ಮುಚ್ಚಿಟ್ಟ ಹೆಂಗಸು ನಮ್ಮ ನಡುವೆಯೇ ಇರುತ್ತಾಳೆ. ಮಗ ದೂರವಾದ ಮೇಲೆ ಒಂದೇ ಹೊತ್ತು ಒಲೆ ಹಚ್ಚುವ ಮುದುಕರಿರುತ್ತಾರೆ. ಇವರಿಗಾಗಿ ಯಾವ ಲಾರಿಯೂ ಹೊರಡುವುದಿಲ್ಲ. ಇವರಿಗೆ ಬೇಕಾದದ್ದು ಯಾವುದೋ ಒಂದು ಸಾಮಾನ್ಯ ಮಂಗಳವಾರದ ನೆರವು.

ಇನ್ನು ನಮ್ಮ ಸಂಗತಿ. ತಿಂಗಳ ಮೊದಲಲ್ಲಿ ಸಂಬಳ ಬಂದಾಗ ಕೊನೆಯಲ್ಲಿ ಏನಾದರೂ ಉಳಿದರೆ ಕೊಡೋಣ ಎಂದುಕೊಳ್ಳುತ್ತೇವೆ. ತಿಂಗಳ ಕೊನೆಯಲ್ಲಿ ಏನು ಉಳಿಯುತ್ತದೆಂಬುದು ಸಂಸಾರಸ್ಥರಿಗೆಲ್ಲ ಗೊತ್ತು! ಹೀಗೆ ಮನಸ್ಸಿದ್ದೂ ಕೊಡದೆ ವರ್ಷಗಳು ಕಳೆಯುತ್ತವೆ. ಇದು ಕಲ್ಲುಹೃದಯವಲ್ಲ, ಮರೆವು. ಮರೆವಿಗೆ ಉಪದೇಶ ಮದ್ದಲ್ಲ, ಒಂದು ಉಪಾಯ ಬೇಕು. ಉದಾರತೆಗೂ ಉಪಾಯ ಬೇಕು ಎಂಬುದೇ ನಾವು ಮೊದಲು ಕಲಿತ ಪಾಠ.

ಹಿಡಿ ಅಕ್ಕಿಯ ಲೆಕ್ಕ

ಆ ಉಪಾಯ ಹೊಸದೇನೂ ಅಲ್ಲ. ಈಶಾನ್ಯ ಭಾರತದ ಮಿಜೋರಾಂ ರಾಜ್ಯದಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಸಹೋದರಿಯರು 1910ರಲ್ಲಿ ಒಂದು ಪದ್ಧತಿ ಆರಂಭಿಸಿದರು. ಮಿಜೋ ಭಾಷೆಯಲ್ಲಿ ಅದಕ್ಕೆ ‘ಬುಹ್‌ಫಾಯ್ ಥಾಮ್’ ಎನ್ನುತ್ತಾರೆ, ಅಂದರೆ ಹಿಡಿ ಅಕ್ಕಿ. ಪ್ರತಿ ಊಟಕ್ಕೆ ಅಕ್ಕಿ ಅಳೆಯುವಾಗಲೂ ಮನೆಯಾಕೆ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಾಳೆ. ಹೆಂಗಸರ ತಂಡ ಮನೆಮನೆಗೆ ಹೋಗಿ ಅದನ್ನು ಕೂಡಿಸಿ ಮಾರಿ, ಬಂದ ಹಣವನ್ನು ಸಭೆಯ ಕೆಲಸಗಳಿಗೆ ಒಪ್ಪಿಸುತ್ತದೆ. ಆ ಕಾಲದಲ್ಲಿ ಅಲ್ಲಿನ ಬಡ ಮನೆಗಳಲ್ಲಿ ನಗದು ಹಣ ಅಪರೂಪವಾಗಿತ್ತು, ಅಕ್ಕಿ ಮಾತ್ರ ದಿನವೂ ಒಲೆಯ ಬಳಿಗೆ ಬರುತ್ತಿತ್ತು. ಇಲ್ಲದ್ದನ್ನು ಕೇಳದೆ ಇದ್ದದ್ದರಲ್ಲಿ ಒಂದು ಹಿಡಿ ಕೇಳಿದ್ದರಿಂದಲೇ ಆ ಪದ್ಧತಿ ಒಂದು ಶತಮಾನ ದಾಟಿ ಬಾಳಿದೆ.

ನಮ್ಮ ನಾಡಿಗೂ ಇದು ಅಪರಿಚಿತವಲ್ಲ. ಭೂದಾನ ಯಾತ್ರೆಯ ವಿನೋಬಾ ಭಾವೆಯವರನ್ನು ಹಿರಿಯರು ನೆನಪಿಸಿಕೊಳ್ಳಬಹುದು. 1957ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಬಳಿಯ ಇಲವಾಲದಲ್ಲಿ ಅವರ ಸಮ್ಮುಖದಲ್ಲಿ ಗ್ರಾಮದಾನದ ಬಗ್ಗೆ ದೊಡ್ಡ ಸಮ್ಮೇಳನ ನಡೆಯಿತು. ಅವರು ಮನೆಮನೆಗೆ ಸೂಚಿಸಿದ ಇನ್ನೊಂದು ಸರಳ ವ್ರತ ‘ಸರ್ವೋದಯ ಪಾತ್ರೆ’. ದಿನಕ್ಕೊಂದು ಹಿಡಿ ಧಾನ್ಯವನ್ನು ಒಂದು ಪಾತ್ರೆಗೆ ಹಾಕಬೇಕು, ಅದನ್ನು ಮನೆಯ ಮಗುವಿನ ಕೈಯಿಂದಲೇ ಹಾಕಿಸಬೇಕು. ದೊಡ್ಡವರ ಹಿಡಿ ದೊಡ್ಡದಲ್ಲವೇ, ಮಗುವಿನ ಹಿಡಿಯೇ ಏಕೆ? ನಮಗೆ ತೋಚಿದ ಉತ್ತರ ಇದು: ಮಗುವಿನ ಹಿಡಿ ದಿನದಿನಕ್ಕೂ ಬೆಳೆಯುತ್ತದೆ. ತಾನು ಉಣ್ಣುವ ಮೊದಲು ಇನ್ನೊಬ್ಬರ ಪಾಲು ಎತ್ತಿಡುವುದನ್ನು ಐದನೆಯ ವಯಸ್ಸಿನಲ್ಲಿ ಕಲಿತ ಕೈಗೆ ಐವತ್ತರಲ್ಲಿ ಹೇಳಿಕೊಡಬೇಕಾಗಿಲ್ಲ.

ನಮ್ಮ ಧರ್ಮಕೇಂದ್ರದಲ್ಲಿ ಆರಂಭಿಸುವ ಮುನ್ನ ನಾವು ಹಿಡಿಯನ್ನು ತೂಗಿ ನೋಡಿದೆವು. ಒಬ್ಬೊಬ್ಬರ ಕೈ ಒಂದೊಂದು ಅಳತೆ. ಆದರೂ ಹೆಚ್ಚುಕಡಿಮೆ 50 ಗ್ರಾಂ ಎಂದು ಹಿಡಿದುಕೊಂಡೆವು. ದಿನಕ್ಕೆ ಒಂದೇ ಹಿಡಿಯಾದರೂ ತಿಂಗಳಿಗೆ ಒಂದೂವರೆ ಕಿಲೋ ಆಗುತ್ತದೆ. 60 ಮನೆಗಳು ಸೇರಿದರೆ 90 ಕಿಲೋ. ಒಂಬತ್ತು ಮನೆಗಳಿಗೆ ತಲಾ ಹತ್ತು ಕಿಲೋ ಕೊಡಬಹುದು. ಯಾರ ಮನೆಯಲ್ಲೂ ಯಾರೂ ಒಂದು ತುತ್ತು ಕಡಿಮೆ ಉಣ್ಣಬೇಕಾಗಿಲ್ಲ, ಏಕೆಂದರೆ ಎತ್ತಿಟ್ಟ ಹಿಡಿ ನೆನಪಿನಲ್ಲೂ ಉಳಿದಿರುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಇಲ್ಲಿ ಮುಖ್ಯವಾದದ್ದು ‘ಮುನ್ನ’ ಎಂಬ ಮಾತು. ಎಸರಿಗೆ ಹಾಕುವ ಮುನ್ನ ಎತ್ತಿಟ್ಟದ್ದು ಪಾಲು, ಊಟವಾದ ಮೇಲೆ ಉಳಿದದ್ದನ್ನು ಕೊಟ್ಟರೆ ಅದು ಮಿಕ್ಕಿದ್ದು. ಪಡೆಯುವವರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಪವಿತ್ರ ಗ್ರಂಥದಲ್ಲಿ ಸರೆಪ್ತ ಎಂಬ ಊರಿನ ವಿಧವೆಯ ಮಡಕೆಯಲ್ಲಿ ಉಳಿದಿದ್ದುದು ಒಂದು ಹಿಡಿ ಹಿಟ್ಟು ಮಾತ್ರ. ತನಗೂ ಮಗನಿಗೂ ಮಾಡಿಕೊಳ್ಳುವ ಮುಂಚೆ ತನಗೊಂದು ಸಣ್ಣ ರೊಟ್ಟಿ ಮಾಡಿಕೊಡು ಎಂದು ಪ್ರವಾದಿ ಎಲೀಯ ಆಕೆಯನ್ನು ಕೇಳಿದನು. ಆಕೆ ಹಾಗೆಯೇ ಮಾಡಿದಳು. ಆ ಮಡಕೆ ಬರಿದಾಗಲಿಲ್ಲ ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ಆಕೆ ಕೊಟ್ಟದ್ದು ಮೊದಲ ರೊಟ್ಟಿ ಎಂಬುದನ್ನೂ ಗಮನಿಸೋಣ.

ಸಣ್ಣಪುಟ್ಟ ತೊಡಕುಗಳು ಬಂದವು. ಕುಚ್ಚಲಕ್ಕಿ, ಬೆಳ್ತಿಗೆ ಎರಡನ್ನೂ ಒಂದೇ ಚೀಲಕ್ಕೆ ಸುರಿದಾಗ ಬೇಯಿಸಿದವರಿಗೆ ಪೇಚಾಟವಾಯಿತು: ಒಂದು ಕರಗಿ ಗಂಜಿಯಾದರೂ ಇನ್ನೊಂದು ಬೇಯಲೊಲ್ಲದು. ಈಗ ಎರಡನ್ನೂ ಬೇರೆ ಬೇರೆ ಕೂಡಿಸುತ್ತೇವೆ. ಮಳೆಗಾಲದಲ್ಲಿ ನುಸಿ ಬಿತ್ತು. ಅಂದಿನಿಂದ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಅದರಲ್ಲಿ ನಾಲ್ಕು ಒಣಗಿದ ಬೇವಿನ ಎಲೆ, ತಿಂಗಳಿಗೊಮ್ಮೆ ತಪ್ಪದೆ ಖಾಲಿ ಮಾಡುವುದು ಎಂಬ ಕ್ರಮ ಇಟ್ಟುಕೊಂಡೆವು. ಡಬ್ಬಿ ಎಲ್ಲಿರಬೇಕು ಎಂಬುದೂ ಮುಖ್ಯ. ಶೋಕೇಸಿನಲ್ಲಿಟ್ಟ ಡಬ್ಬಿ ತುಂಬಲಿಲ್ಲ, ಅಕ್ಕಿ ಡ್ರಮ್ಮಿನ ಪಕ್ಕದಲ್ಲಿಟ್ಟದ್ದು ತುಂಬಿತು. ಕೈಗೆ ಎಟುಕುವಲ್ಲಿ ಇಟ್ಟರೆ ಒಳ್ಳೆಯತನವೂ ಸುಲಭವಾಗುತ್ತದೆ.

ನಾವು ಮಾಡಿದ ತಪ್ಪು

ಇವೆಲ್ಲ ಸರಿಪಡಿಸಬಹುದಾದ ತೊಡಕುಗಳು. ಸರಿಪಡಿಸಲಾಗದ ಒಂದು ತಪ್ಪನ್ನೂ ನಾವು ಮಾಡಿದೆವು. ಅದನ್ನು ಮುಚ್ಚಿಟ್ಟು ಈ ಲೇಖನ ಬರೆಯುವುದು ಸರಿಯಲ್ಲ.

ಮೊದಲ ವರ್ಷ ನಮಗೆ ಬಹಳ ಹುರುಪು. ಲೆಕ್ಕ ಪಾರದರ್ಶಕವಾಗಿರಬೇಕು, ಕೊಟ್ಟವರಿಗೆ ಅಕ್ಕಿ ಎಲ್ಲಿ ಹೋಯಿತೆಂದು ತಿಳಿಯಬೇಕು ಎಂದುಕೊಂಡೆವು. ಒಂದು ಭಾನುವಾರ ಬಲಿಪೂಜೆಯ ಕೊನೆಯಲ್ಲಿ ಪ್ರಕಟಣೆಗಳ ಜೊತೆಗೆ ಅಕ್ಕಿ ಕೊಟ್ಟವರ ಹೆಸರುಗಳನ್ನು ಓದಿದೆವು. ಅದೇ ಉಸಿರಿನಲ್ಲಿ ಅಕ್ಕಿ ಪಡೆದ ಮನೆಗಳ ಹೆಸರುಗಳನ್ನೂ ಓದಿಬಿಟ್ಟೆವು. ಓದಿದವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ, ಕೇಳಿದವರಲ್ಲಿಯೂ ಹೆಚ್ಚಿನವರಿಗೆ ಏನೂ ಅನ್ನಿಸಲಿಲ್ಲ.

ಆ ಪಟ್ಟಿಯಲ್ಲಿದ್ದ ಒಂದು ಮನೆಯ ಹುಡುಗಿ ಗಾಯನ ತಂಡದಲ್ಲಿದ್ದಳು. ಹೆಸರು ಓದುವಾಗ ಅವಳು ಹಾಡಿನ ಪುಸ್ತಕ ಹಿಡಿದು ಎಲ್ಲರೆದುರು ನಿಂತಿದ್ದಳು. ಮುಂದಿನ ಭಾನುವಾರ ಆ ಕುಟುಂಬ ದೇವಾಲಯಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಮ್ಮಲ್ಲಿ ಇಬ್ಬರು ಅವರ ಮನೆಗೆ ಹೋದಾಗ ಆ ತಾಯಿ ಬಯ್ಯಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ಅಕ್ಕಿ ಚೀಲ ತಂದು ಜಗಲಿಯ ಮೇಲಿಟ್ಟರು. “ನಿಮ್ಮ ಅಕ್ಕಿ ಅಕ್ಕಾ. ಇನ್ನೂ ಬಿಚ್ಚಿಲ್ಲ” ಎಂದರು. ಅಷ್ಟೇ.

ನಾವು ಕ್ಷಮೆ ಕೇಳಿದೆವು. ಮರುವರ್ಷದ ಪಾಸ್ಕ ಹಬ್ಬದ ಹೊತ್ತಿಗೆ ಆ ತಾಯಿ ದೇವಾಲಯಕ್ಕೆ ಮರಳಿದರು. ಹುಡುಗಿ ಗಾಯನ ತಂಡಕ್ಕೆ ಮಾತ್ರ ಮರಳಲಿಲ್ಲ. ಹತ್ತು ಕಿಲೋ ಅಕ್ಕಿ ಕೊಟ್ಟು ಅದಕ್ಕಿಂತ ಬಹಳ ದೊಡ್ಡದನ್ನು ಆ ಮನೆಯಿಂದ ನಾವು ಕಿತ್ತುಕೊಂಡಿದ್ದೆವು.

ಬೋವಜನ ಹೊಲದ ಪಾಠ

ಆ ದಿನಗಳಲ್ಲಿ ನಮ್ಮ ಗುರುಗಳು ನಮಗೆ ರೂತಳ ಗ್ರಂಥವನ್ನು ಓದಲು ಹೇಳಿದರು. ನಾಲ್ಕೇ ಅಧ್ಯಾಯಗಳ ಪುಟ್ಟ ಗ್ರಂಥ. ರೂತಳು ಪರದೇಶದಿಂದ ಬಂದ ವಿಧವೆ. ಅತ್ತೆಯನ್ನು ಸಾಕಲು ಬೆತ್ಲೆಹೇಮಿನ ಹೊಲವೊಂದರಲ್ಲಿ, ಕೊಯ್ಯುವವರ ಹಿಂದೆ ಬಿದ್ದ ತೆನೆಗಳನ್ನು ಆಯುತ್ತಾಳೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆ ಬಡವರಿಗೂ ಪರದೇಶಿಗಳಿಗೂ ಸೇರಬೇಕು ಎಂಬುದು ಆ ಜನರಿಗೆ ಕೊಟ್ಟ ಕಟ್ಟಳೆಯಾಗಿತ್ತು.

ಹೊಲದ ಯಜಮಾನ ಬೋವಜನು ಮನಸ್ಸು ಮಾಡಿದ್ದರೆ ಅವಳನ್ನು ಕರೆದು ಎಲ್ಲರೆದುರು ಒಂದು ಮೂಟೆ ಕೊಡಬಹುದಿತ್ತು, ಹೊಗಳಿಕೆಯೂ ಸಿಗುತ್ತಿತ್ತು. ಅವನು ಆಳುಗಳಿಗೆ ಹೇಳಿದ್ದು ಬೇರೆಯೇ. ಕಟ್ಟಿದ ಸಿವುಡಿನಿಂದ ಕೆಲವು ತೆನೆಗಳನ್ನು ಬೇಕೆಂದೇ ಜಾರಿಸಿ ಅವಳ ದಾರಿಯಲ್ಲಿ ಬಿಡಿ, ಅವಳು ಆರಿಸಿಕೊಳ್ಳಲಿ, ಗದರಿಸಬೇಡಿ ಎಂದನು. ರೂತಳು ಸಂಜೆಯವರೆಗೆ ಬಾಗಿ ಆಯ್ದು, ಬಡಿದು, ತನ್ನ ದುಡಿಮೆಯ ಧಾನ್ಯವನ್ನು ಹೊತ್ತು ಮನೆಗೆ ಹೋದಳು. ಬೋವಜನು ಅವಳಿಗೆ ಧಾನ್ಯವನ್ನೂ ಕೊಟ್ಟನು, ತಲೆ ಎತ್ತಿ ನಡೆಯುವುದನ್ನೂ ಉಳಿಸಿದನು. ಉಪಾಯ ಎಂದರೆ ಇದು.

ನಮ್ಮ ಧರ್ಮಸಭೆಯಲ್ಲಿಯೇ ಇನ್ನೊಂದು ಉದಾಹರಣೆ ಇದೆ. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡ್ರಿಕ್ ಓಝನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಗೆಳೆಯರೊಂದಿಗೆ ಆರಂಭಿಸಿದ್ದು ಇಂದು ನಾವೆಲ್ಲ ಬಲ್ಲ ಸಂತ ವಿನ್ಸೆಂಟ್ ದೆ ಪೌಲ್ ಸಭೆ. ಓಝನಾಂ ಅವರನ್ನು 1997ರಲ್ಲಿ ಪುನೀತರ ಪದವಿಗೆ ಏರಿಸಲಾಯಿತು. ಈ ಸಭೆಯ ಪ್ರತಿ ಕೂಟದಲ್ಲಿಯೂ ‘ಗುಪ್ತ ಚೀಲ’ ಒಬ್ಬರಿಂದೊಬ್ಬರಿಗೆ ಹೋಗುತ್ತದೆ. ಪ್ರತಿಯೊಬ್ಬರೂ ಅದರೊಳಗೆ ಕೈ ಹಾಕುತ್ತಾರೆ. ಯಾರು ನೂರು ಹಾಕಿದರು, ಯಾರು ಒಂದು ರೂಪಾಯಿ ಹಾಕಿದರು ಎಂಬುದು ಪಕ್ಕದಲ್ಲಿ ಕೂತವರಿಗೂ ತಿಳಿಯದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಪ್ರಭುವಿನ ಮಾತನ್ನು ಒಂದು ಬಟ್ಟೆಯ ಚೀಲ ನಡೆಸಿಕೊಡುತ್ತದೆ.

ನಾವೂ ಒಂದು ಚೀಲದ ಉಪಾಯ ಮಾಡಿದೆವು. ಒಂದೇ ಬಣ್ಣದ, ಒಂದೇ ಅಳತೆಯ ಬಟ್ಟೆ ಚೀಲಗಳನ್ನು ಹೊಲಿಸಿ, ಕೊಡುವ ಮನೆ ಪಡೆಯುವ ಮನೆ ಎನ್ನದೆ ಎಲ್ಲ ಮನೆಗಳಿಗೂ ತಲಾ ಎರಡರಂತೆ ಕೊಟ್ಟೆವು. ತಿಂಗಳ ಎರಡನೆಯ ಶನಿವಾರ ಸ್ವಯಂಸೇವಕರು ಎಲ್ಲ ಮನೆಗಳಿಗೂ ಹೋಗುತ್ತಾರೆ. ಪ್ರತಿ ಮನೆಗೂ ಒಂದು ಚೀಲ ಒಳಗೆ ಹೋಗುತ್ತದೆ, ಒಂದು ಚೀಲ ಹೊರಗೆ ಬರುತ್ತದೆ. ಎಲ್ಲಿ ತುಂಬಿದ್ದು ಒಳಗೆ ಹೋಯಿತು, ಎಲ್ಲಿ ತುಂಬಿದ್ದು ಹೊರಗೆ ಬಂತು ಎಂಬುದು ಬೀದಿಯಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಪಟ್ಟಿ ಇಬ್ಬರ ಬಳಿ ಮಾತ್ರ ಇರುತ್ತದೆ. ಪೀಠದ ಬಳಿ ಈಗ ಓದುವುದು ಒಂದೇ ಸಾಲು: ಈ ತಿಂಗಳು ಇಷ್ಟು ಕಿಲೋ ಬಂತು, ಇಷ್ಟು ಕಿಲೋ ಹೋಯಿತು.

ಪಡೆಯುವ ಕೈಗೂ ಕೊಡುವ ಹಕ್ಕಿದೆ

ಈ ಕ್ರಮ ಆರಂಭವಾದ ಕೆಲವೇ ತಿಂಗಳಲ್ಲಿ ಒಂದು ಸಂಗತಿ ನಡೆಯಿತು. ಒಬ್ಬ ವೃದ್ಧೆಯ ಮನೆಗೆ ಪ್ರತಿ ತಿಂಗಳೂ ತುಂಬಿದ ಚೀಲ ಹೋಗುತ್ತಿತ್ತು. ಅಲ್ಲಿಂದ ಹೊರಗೆ ಬರುವ ಚೀಲ ಖಾಲಿ ಇರಬೇಕಿತ್ತು. ಆದರೆ ಅದರಲ್ಲಿ ಒಂದಿಷ್ಟು ಅಕ್ಕಿ ಇರುತ್ತಿತ್ತು. ಮರೆತು ಉಳಿದದ್ದಿರಬೇಕೆಂದು ನಾವು ಅವರಿಗೇ ವಾಪಸ್ಸು ಕೊಡಲು ಹೋದೆವು. ನಾವು ಕೊಟ್ಟ ಅಕ್ಕಿಯಿಂದಲೇ ಆಕೆಯೂ ದಿನಕ್ಕೊಂದು ಹಿಡಿ ಎತ್ತಿಡುತ್ತಿದ್ದರು!

“ಅಮ್ಮಾ, ಇದು ನಿಮಗೇ ಇರಲಿ” ಎಂದಳು ನಮ್ಮ ತಂಡದ ಹುಡುಗಿ.

“ನನ್ನ ಹಿಡಿ ಬೇಡ ಅಂದ್ರೆ ನಿಮ್ಮ ಚೀಲಾನೂ ಬೇಡ ಮಗಾ” ಎಂದರು ಅವರು.

ಈ ಬಗ್ಗೆ ನಮ್ಮ ಕೂಟದಲ್ಲಿ ಚರ್ಚೆಯಾಯಿತು. ಬಡವರಿಂದ ಪಡೆಯುವುದು ನ್ಯಾಯವೇ ಎಂದು ಕೆಲವರು ಕೇಳಿದರು. ಕೊಟ್ಟದ್ದನ್ನೇ ತಿರುಗಿ ಪಡೆಯುವುದರಲ್ಲಿ ಅರ್ಥವೇನು ಎಂದು ಇನ್ನು ಕೆಲವರು. ಕೊನೆಗೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯ ನೆನಪಾಯಿತು. ಪ್ರಭು ಯೇಸು ಆಕೆಯನ್ನು ತಡೆಯಲಿಲ್ಲ. ನೀನು ಬಡವಳು, ನಿನ್ನದು ನಿನಗೇ ಇರಲಿ ಎನ್ನಲಿಲ್ಲ. ಶಿಷ್ಯರನ್ನು ಕರೆದು ತೋರಿಸಿದರು. ಕೊಡುವುದು ಉಳ್ಳವರ ಸವಲತ್ತಲ್ಲ. ಸದಾ ಪಡೆಯುತ್ತಲೇ ಇರುವವರಿಗೆ ಬಡತನಕ್ಕಿಂತ ಭಾರವಾಗುವುದು ತನ್ನಿಂದ ಯಾರಿಗೂ ಏನೂ ಆಗದೆಂಬ ಕೊರಗು. ಆ ಹಿಡಿಯನ್ನು ನಾವು ಸ್ವೀಕರಿಸಿದೆವು. ಇಂದಿಗೂ ಸ್ವೀಕರಿಸುತ್ತಿದ್ದೇವೆ.

ಸರ್ಕಾರದ ಅಕ್ಕಿ ಇದೆಯಲ್ಲ?

ಈ ಪ್ರಶ್ನೆಯನ್ನು ನಮಗೆ ಹಲವರು ಕೇಳಿದ್ದಾರೆ. ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಯೋಜನೆ ಬಂತು. ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯೂ ಅದೇ ವರ್ಷದ್ದು. ಪಡಿತರ ಚೀಟಿ ಇರುವ ಮನೆಗಳಲ್ಲಿ ಅಕ್ಕಿಯ ಹಾಹಾಕಾರ ಬಹುಮಟ್ಟಿಗೆ ತಗ್ಗಿದೆ. ಇದು ಸಂತೋಷದ ವಿಷಯ. ಅದು ಭಿಕ್ಷೆಯಲ್ಲ, ಜನರ ಹಕ್ಕು. ಹಕ್ಕು ಸಿಗಬೇಕಾದಲ್ಲಿ ದಾನ ತಂದು ನಿಲ್ಲಿಸಬಾರದು. ಆದ್ದರಿಂದ ಚೀಟಿ ಇಲ್ಲದ ಮನೆ ಕಂಡರೆ ನಮ್ಮ ಮೊದಲ ಕೆಲಸ ಅಕ್ಕಿ ಒಯ್ಯುವುದಲ್ಲ, ಅರ್ಜಿ ತುಂಬಿಸುವುದು.

ಆದರೆ ಸಂಸಾರ ಬರೀ ಅಕ್ಕಿಯಿಂದ ನಡೆಯುವುದಿಲ್ಲ. ಬೇಳೆ, ಎಣ್ಣೆ, ಮಕ್ಕಳ ಬಸ್ ಚಾರ್ಜು, ಬಿ.ಪಿ. ಮಾತ್ರೆ ಎಲ್ಲವೂ ಬೇಕು. ಆದ್ದರಿಂದ ಈಗ ಕೆಲವು ಮನೆಗಳಲ್ಲಿ ಹಿಡಿ ಅಕ್ಕಿಯ ಬದಲು ಒಂದು ಚಮಚ ಬೇಳೆ ಎತ್ತಿಡುತ್ತಾರೆ. ಕೆಲವರು ಹಾಲಿನ ಚಿಲ್ಲರೆಯನ್ನು ಡಬ್ಬಿಗೆ ಹಾಕುತ್ತಾರೆ. ಕೂಡಿದ ಅಕ್ಕಿಯಲ್ಲಿ ಒಂದು ಭಾಗವನ್ನು ಮಾರಿ ಔಷಧಕ್ಕೆ ಕೊಟ್ಟದ್ದೂ ಉಂಟು. ವಸ್ತು ಬದಲಾಗಬಹುದು. ದಿನವೂ, ಮೊದಲು, ಗುಟ್ಟಾಗಿ ಎಂಬ ಮೂರು ಮಾತು ಬದಲಾಗದಿದ್ದರೆ ಸಾಕು.

ತಿಳಿದ ಉಪಾಯವೂ ಒಂದು ಹಿಡಿಯೇ

ಉದಾರತೆಗೆ ಉಪಾಯ ಬೇಕು ಎಂದೆವು. ಉಪಾಯಕ್ಕೂ ಉದಾರತೆ ಬೇಕು. ಬದುಕನ್ನು ಹಗುರ ಮಾಡುವ ಎಷ್ಟೋ ಸಣ್ಣ ಸಂಗತಿಗಳು ಒಬ್ಬೊಬ್ಬರ ಮನೆಯಲ್ಲಿ ಸುಮ್ಮನೆ ಕುಳಿತಿರುತ್ತವೆ. ಅವುಗಳನ್ನು ಹೇಳಿಕೊಟ್ಟರೆ ಅಕ್ಕಿಯಂತೆ ನಮ್ಮ ಡಬ್ಬಿ ಒಂದು ಹಿಡಿಯೂ ಖಾಲಿಯಾಗುವುದಿಲ್ಲ. ಈಗ ಚೀಲ ಕೊಡಲು ಹೋದಾಗ ಇಂಥ ಒಂದು ಉಪಾಯವನ್ನೂ ಹೇಳಿ ಬರುವ ಅಭ್ಯಾಸ ಮಾಡಿಕೊಂಡಿದ್ದೇವೆ. ಕೆಲವನ್ನು ಇಲ್ಲಿ ಕೊಡುತ್ತೇವೆ.

ಮೊದಲನೆಯದು ಬಿಸಿ ಆರದ ಪೆಟ್ಟಿಗೆ. ಕೇರಳದಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ‘ಚೂಡಾರಾಪ್ಪೆಟ್ಟಿ’ ಎಂಬ ಹೆಸರಿನಲ್ಲಿ ಇದನ್ನು ಮನೆಮನೆಗೆ ಪರಿಚಯಿಸಿತು. ಕುಚ್ಚಲಕ್ಕಿ ಬೇಯಲು ಗ್ಯಾಸ್ ಎಷ್ಟು ಬೇಕೆಂದು ನಮ್ಮ ತಾಯಂದಿರಿಗೆ ಗೊತ್ತು. ಅನ್ನವನ್ನು ಸುಮಾರು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಬಿಗಿಮಾಡಿ, ಪಾತ್ರೆಯನ್ನು ಒಣ ಹುಲ್ಲು ಅಥವಾ ಹಳೆಯ ಕಂಬಳಿ ತುಂಬಿದ ಪೆಟ್ಟಿಗೆಯಲ್ಲಿ ಗಾಳಿಯಾಡದಂತೆ ಹುದುಗಿಸಿಟ್ಟರೆ ಉಳಿದ ಬೇಯುವಿಕೆ ಅದರ ಬಿಸಿಯಲ್ಲೇ ಮುಗಿಯುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಬಲಿಪೂಜೆಗೆ ಹೊರಡುವಾಗ ಇಟ್ಟರೆ ಮರಳುವಾಗ ಅನ್ನ ಸಿದ್ಧ.

ಎರಡನೆಯದು ಸಕ್ಕರೆ ಉಪ್ಪಿನ ನೀರು. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನೋಬಿಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರಿಂದಲೇ ಲೋಟ ಲೋಟವಾಗಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಈ ಒಂದು ತಿಳಿವಳಿಕೆ ಲೋಕದಾದ್ಯಂತ ಕೋಟ್ಯಂತರ ಮಕ್ಕಳನ್ನು ಉಳಿಸಿದೆ. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಲಾಯಿತು. ಮನೆಯಲ್ಲಿ ಮಗುವಿಗೆ ಭೇದಿಯಾದಾಗ ಆರೋಗ್ಯ ಕೇಂದ್ರದ ಓ.ಆರ್.ಎಸ್. ಪೊಟ್ಟಣ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾಗಬಾರದು. ಮಗು ಮಂಕಾದರೆ, ಕುಡಿಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿ ಒಯ್ಯಬೇಕು.

ಮೂರನೆಯದು ನಮ್ಮ ಅಟ್ಟ. ಅಜ್ಜ ತೀರಿಕೊಂಡ ಮೇಲೆ ಅವರ ವಾಕರ್, ಗಾಲಿಕುರ್ಚಿ, ವಾಟರ್ ಬೆಡ್ ಎಲ್ಲಿವೆ? ಅಟ್ಟದ ಮೇಲೆ ಧೂಳು ತಿನ್ನುತ್ತಿವೆ. ಎರಡು ಬೀದಿಯಾಚೆ ಇನ್ನೊಂದು ಮನೆಯವರು ಅದನ್ನೇ ಬಾಡಿಗೆಗೆ ಹುಡುಕುತ್ತಿರುತ್ತಾರೆ. ನಾವು ಧರ್ಮಕೇಂದ್ರದ ಸಭಾಂಗಣದ ಒಂದು ಕಪಾಟನ್ನು ಇದಕ್ಕಾಗಿ ಬಿಡಿಸಿಕೊಂಡು ಒಂದು ಪುಸ್ತಕ ಇಟ್ಟೆವು. ಬೇಕಾದವರು ಬರೆದು ಒಯ್ಯುತ್ತಾರೆ, ಮುಗಿದ ಮೇಲೆ ತೊಳೆದು ತಂದಿಡುತ್ತಾರೆ. ಯಾವ ಜಾತಿ, ಯಾವ ಧರ್ಮ ಎಂದು ಆ ಪುಸ್ತಕ ಕೇಳುವುದಿಲ್ಲ. ತಂದೆಯ ಊರುಗೋಲನ್ನು ಕೊಡಲು ಮನಸ್ಸು ಬಾರದೆ ವರ್ಷಗಟ್ಟಲೆ ಇಟ್ಟುಕೊಂಡಿದ್ದ ಒಬ್ಬರು, ಅದನ್ನು ಊರಿಕೊಂಡು ಇನ್ನೊಬ್ಬ ಹಿರಿಯರು ದೇವಾಲಯದ ಮೆಟ್ಟಿಲು ಹತ್ತುವುದನ್ನು ಕಂಡು, “ಅಪ್ಪನ ಕೋಲು ಮತ್ತೆ ನಡೆಯಿತು” ಎಂದರು.

ನಾಲ್ಕನೆಯದು ಓದು ಬಲ್ಲವರ ಅರ್ಧ ಗಂಟೆ. ಪಿಂಚಣಿ ಅರ್ಜಿ, ಬ್ಯಾಂಕಿನ ನಮೂನೆ, ಆಸ್ಪತ್ರೆಯ ಕಾರ್ಡು ಇವೆಲ್ಲ ನಮಗೆ ಸಣ್ಣ ಕೆಲಸ, ಗೊತ್ತಿಲ್ಲದವರಿಗೆ ಬೆಟ್ಟ. ಭಾನುವಾರ ಬಲಿಪೂಜೆಯ ನಂತರ ಒಬ್ಬರು ಪೆನ್ನು ಹಿಡಿದು ಒಂದು ಬೆಂಚಿನ ಮೇಲೆ ಕುಳಿತರೆ ಸಾಕು.

ಈ ಹಬ್ಬದಂದೇ ಆರಂಭಿಸೋಣ

ಪ್ರಿಯರೇ, ಇದಕ್ಕೆ ಸಂಘ ಕಟ್ಟಬೇಕಾಗಿಲ್ಲ, ಉದ್ಘಾಟನೆ ಬೇಕಾಗಿಲ್ಲ. ಈ ಸಲ ತೆನೆ ಸುಲಿದು ಎಲ್ಲರಿಗೂ ಹಂಚಿದ ಮೇಲೆ ಒಂದು ಖಾಲಿ ಡಬ್ಬಿಯನ್ನು ತೊಳೆದು ಒಣಗಿಸಿ ಅಕ್ಕಿಯ ಪಕ್ಕದಲ್ಲಿಡಿ. ಮರುದಿನ ಅಕ್ಕಿ ಅಳೆಯುವಾಗ ಮನೆಯ ಅತಿ ಕಿರಿಯ ಕೈಯನ್ನು ಕರೆಯಿರಿ. ಡಬ್ಬಿ ತುಂಬಿದಾಗ ಯಾರಿಗೆ ಎಂದು ಕುಟುಂಬದ ಸಂಜೆಯ ಪ್ರಾರ್ಥನೆಯಲ್ಲಿ ಮಾತಾಡಿಕೊಳ್ಳಿ. ಕೊಟ್ಟು ಬಂದ ಮೇಲೆ ಆ ಹೆಸರನ್ನು ಮರೆತುಬಿಡಿ.

ಮತ್ತೊಂದು ಬಿನ್ನಹ. ನಿಮ್ಮಲ್ಲಿ ಯಾರಿಗಾದರೂ ಈ ತಿಂಗಳು ಪಡೆಯುವ ಸರದಿಯೇ ಬಂದಿದ್ದರೆ ನಾಚಬೇಡಿ. ಹಬ್ಬದ ಪಾಯಸದಲ್ಲಿ ನಿಮ್ಮ ಪಾಲಿನ ಕಾಳನ್ನು ತೆಗೆದುಕೊಳ್ಳಲು ಎಂದಾದರೂ ನಾಚಿದ್ದೀರಾ? ಇದೂ ಅದೇ ಪಾಯಸ. ಸಾಧ್ಯವಾದರೆ ಅದರಿಂದಲೂ ಒಂದು ಹಿಡಿ ಎತ್ತಿಡಿ.

ನಮ್ಮ ಗಾಯನ ತಂಡದಲ್ಲಿ ಒಂದು ಜಾಗ ಇನ್ನೂ ಖಾಲಿ ಇದೆ ಎಂದೇ ನಾವು ಭಾವಿಸಿದ್ದೇವೆ. ಆ ಹುಡುಗಿ ಇಂದು ದೊಡ್ಡವಳಾಗಿ ಬೇರೆ ಊರಿನಲ್ಲಿದ್ದಾಳೆ. ಅವಳು ಎಲ್ಲಿದ್ದರೂ ಹಾಡುತ್ತಿರಲಿ ಎಂಬುದು ನಮ್ಮ ಪ್ರಾರ್ಥನೆ. ಅವಳಿಗೆ ನಾವು ಕೊಡಬೇಕಾದ ಸಾಲವನ್ನು ಪ್ರತಿ ತಿಂಗಳ ಎರಡನೆಯ ಶನಿವಾರ, ಒಂದೇ ಬಣ್ಣದ ಚೀಲಗಳಲ್ಲಿ, ಬೇರೆಯವರ ಮನೆಗಳಿಗೆ ಸದ್ದಿಲ್ಲದೆ ತೀರಿಸುತ್ತಿದ್ದೇವೆ.

ಬಾಲೆ ಮರಿಯಮ್ಮನವರು ನಿಮ್ಮ ಮನೆಯ ಮಡಕೆಯನ್ನೂ ಮನಸ್ಸನ್ನೂ ತುಂಬಲಿ. ನಿಮಗೆಲ್ಲರಿಗೂ ತೆನೆ ಹಬ್ಬದ ಶುಭಾಶಯಗಳು.